ಹಿನ್ನೀರಿನ ನಾಡಿನ ಅಡುಗೆಮನೆ

ದ್ವೀಪವೆಂದೊಡನೆ ಕಡಲು, ತೆಂಗಿನ ತೋಪು, ಹಡಗುಗಳು ನಮ್ಮ ಕಣ್ಣೆದುರು ಬರುವುದು ಸಹಜ. ಆದರೆ ಕಡಲಿನ ಸುಳಿವೂ ಇಲ್ಲದ ಸಾಗರ ತಾಲ್ಲೂಕಿನ ಒಂದು ಭಾಗದ ಜನರು ಸುಮಾರು ಆರು ದಶಕಗಳ ಕಾಲ ದ್ವೀಪವಾಸಿಗಳಂತೆಯೇ ಬಾಳಿದರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಕಣಿವೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೆಯೇ ನೀರಿನ ಅಡಿಗೆ ಹೋಯಿತು. ಕಡುಬೇಸಿಗೆಯಲ್ಲಿ ನೀರು ಇಳಿದಾಗ ಅದು ಇಂದಿಗೂ ತಲೆಯೆತ್ತಿ ನಿಲ್ಲುವುದುಂಟು. ಮುಳುಗದೆ ಉಳಿದ ತುಮರಿಯ ಸುತ್ತಣ ಹಳ್ಳಿಗಳು ಹಿನ್ನೀರಿನ ಆಚೆ ದಡದವಾದವು. ಭೂಗೋಳದ ಲೆಕ್ಕದಲ್ಲಿ ಅದು ಪೂರ್ಣ ದ್ವೀಪವಲ್ಲ. ಘಟ್ಟದ ಕಡೆಯಿಂದ ನೆಲದ ದಾರಿಯಿದೆ. ಆದರೆ ಪೇಟೆ, ಕಚೇರಿ, ದೊಡ್ಡ ಆಸ್ಪತ್ರೆಗಳೆಲ್ಲವೂ ನೀರಿನಾಚೆಯೇ ಆದಾಗ ಬದುಕು ದ್ವೀಪದ್ದೇ ಆಗುತ್ತದೆ. ಸಾಗರದ ಸಾಹಿತಿ ನಾ. ಡಿಸೋಜ ಅವರು ಮುಳುಗಡೆಯ ಕಥೆಗೆ ‘ದ್ವೀಪ’ವೆಂದು ಹೆಸರಿಟ್ಟುದು ಯುಕ್ತವಾಗಿಯೇ ಇದೆ.

ಆ ಭಾಗದ ಭಕ್ತರ ಮನೆಯೊಂದಕ್ಕೆ ನಾವು ಇಪ್ಪತ್ತು ವರ್ಷಗಳಿಂದ ಹೋಗಿಬರುತ್ತಿದ್ದೇವೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆ ತುಂಬ ದನಕರು ಇರುವ ಮಧ್ಯಮ ಸ್ಥಿತಿಯ ಕುಟುಂಬವದು. ಅವರಿಗೆ ಪೇಟೆಯೆಂದರೆ ಸಾಗರ. ಕಳಸವಳ್ಳಿಯ ದಡಕ್ಕೆ ಬಂದು, ಲಾಂಚಿನಲ್ಲಿ ಜೀಪನ್ನೇರಿಸಿ, ಅಂಬಾರಗೋಡ್ಲಿನಲ್ಲಿಳಿದು ಮುಂದೆ ಸಾಗಬೇಕಿತ್ತು. ಲಾಂಚ್ ತಪ್ಪಿದರೆ ಕಾರ್ಗಲ್ಲಿನ ಕಡೆಯಿಂದ ಕಾಡುದಾರಿಯಲ್ಲಿ ಸುಮಾರು 80 ಕಿ.ಮೀ. ಸುತ್ತಬೇಕಿತ್ತು. ಸಿಗಂದೂರಿನ ದೇವಿಯ ದರ್ಶನಕ್ಕೆ ಬರುವ ಯಾತ್ರಿಕರ ವಾಹನಗಳು ರಜೆಯ ದಿನಗಳಲ್ಲಿ ಸಾಲುಗಟ್ಟಿದರೆ ಊರವರು ಎರಡು ಮೂರು ಸರದಿ ಕಾಯಬೇಕಾಗುತ್ತಿತ್ತು. ಹೀಗಾಗಿ ನಾಲ್ಕು ಸಾಮಾನು ತರುವುದಕ್ಕೆ ಒಂದು ಹಗಲು ಪೂರ್ತಿ ಸಲ್ಲುತ್ತಿತ್ತು.

ಆದ್ದರಿಂದಲೇ ಅಲ್ಲಿ ಯಾರೂ ತಮ್ಮೊಬ್ಬರಿಗಾಗಿ ಪೇಟೆಗೆ ಹೋಗುತ್ತಿರಲಿಲ್ಲ. ಒಂದು ಮನೆಯ ಜೀಪು ಹೊರಡುವುದೆಂದರೆ ಹಿಂದಿನ ರಾತ್ರಿಯೇ ಐದಾರು ಮನೆಗಳ ಚೀಟಿಗಳು ಬಂದು ಸೇರುತ್ತಿದ್ದವು. ಒಬ್ಬರಿಗೆ ದನದ ಹಿಂಡಿ, ಇನ್ನೊಬ್ಬರಿಗೆ ರಕ್ತದೊತ್ತಡದ ಮಾತ್ರೆ, ಮತ್ತೊಬ್ಬರ ಮಗುವಿಗೆ ಶಾಲೆಯ ಪುಸ್ತಕ. ಜಾತಿ ಯಾವುದು, ಮತ ಯಾವುದು ಎಂದು ಆ ಚೀಟಿಗಳಲ್ಲಿ ಬರೆದಿರುತ್ತಿರಲಿಲ್ಲ. ಸಹಜೀವನದ ಬಗೆಗೆ ನಾವು ವೇದಿಕೆಗಳಲ್ಲಿ ಆಡುವ ಮಾತು ಆ ಜೀಪಿನ ಹಿಂಬದಿಯಲ್ಲಿ ಮೂಟೆಗಳ ರೂಪದಲ್ಲಿ ಕುಳಿತಿರುತ್ತಿತ್ತು.

ಪೇಟೆ ದೂರವಾದಷ್ಟೂ ಅಡುಗೆಮನೆ ಸಮೃದ್ಧವಾಗುತ್ತದೆಂಬುದನ್ನು ಆ ಮನೆಯಲ್ಲಿ ಕಂಡೆವು. ಬೇಸಿಗೆಯೆಲ್ಲವೂ ಮಳೆಗಾಲದ ಸಿದ್ಧತೆಗೇ ಮೀಸಲು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡುವರು. ಹಲಸಿನ ತೊಳೆಯನ್ನು ಬೇಯಿಸಿ, ಅರೆದು, ಹಪ್ಪಳ ತಟ್ಟಿ ಅಂಗಳದಲ್ಲಿ ಒಣಗಿಸುವರು. ಮುರುಗಲಿನ ಸಿಪ್ಪೆ, ಸೂಜಿಮೆಣಸು, ಜೋನಿಬೆಲ್ಲದ ಡಬ್ಬಗಳು ಒಲೆಯ ಮೇಲಣ ಅಟ್ಟವನ್ನೇರುವವು. ಒಲೆಯ ಹೊಗೆ ಮತ್ತು ಬಿಸಿ ಅವನ್ನು ಬೂಸು ಹಿಡಿಯದಂತೆ ಕಾಯುತ್ತವೆ. ಮಳೆ ಬಿದ್ದ ಮೇಲೆ ಕಾಡೇ ಅಂಗಡಿ. ಎಳೆಯ ಬಿದಿರಿನ ಕಳಲೆಯನ್ನು ತಂದು, ಹೆಚ್ಚಿ, ನೀರನ್ನು ದಿನವೂ ಬದಲಿಸುತ್ತ ಎರಡು ಮೂರು ದಿನ ನೆನೆಯಿಡುವರು. ಅದರಲ್ಲಿರುವ ವಿಷಾಂಶ ಕಳೆಯದೆ ತಿನ್ನುವಂತಿಲ್ಲ. ಕೆಸುವಿನ ಎಲೆಗೆ ಹುಳಿ ಕಡಮೆಯಾದರೆ ಗಂಟಲು ತುರಿಸುತ್ತದೆ. ಹುಣಿಸೆಹಣ್ಣು ಸೇರಿಸಿ ಅರೆದ ಅಕ್ಕಿಹಿಟ್ಟನ್ನು ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದ ಪತ್ರೊಡೆಯನ್ನು ತುಪ್ಪದೊಡನೆ ಉಂಡವರಿಗೇ ಅದರ ಸವಿ ಗೊತ್ತು. ಇದೆಲ್ಲವೂ ಯಾವ ಪುಸ್ತಕದಿಂದಲೂ ಬಂದ ವಿದ್ಯೆಯಲ್ಲ. ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದುದು.

ಆ ಮನೆಯಲ್ಲಿ ಎಷ್ಟು ಜನರಿದ್ದರೂ ಮತ್ತೆ ನಾಲ್ವರಿಗಾಗುವಷ್ಟು ಅನ್ನ ಹೆಚ್ಚಿಗೆ ಬೇಯುತ್ತಿತ್ತು. ಒಮ್ಮೆ ಕಾರಣ ಕೇಳಿದೆವು. ಮನೆಯ ಹಿರಿಯ ತಾಯಿ ನಕ್ಕು, “ಅಯ್ಯನೋರೆ, ಲಾಂಚ್ ತಪ್ಪಿದೋರು ಯಾರಾದ್ರೂ ಬಂದೇ ಬರ್ತಾರೆ. ಲಾಂಚ್ ತಪ್ಪಿದ್ರೆ ತಪ್ಪಲಿ, ಊಟ ತಪ್ಪಬಾರ್ದಲ್ಲ” ಎಂದರು. ದಾಸೋಹವೆಂಬುದಕ್ಕೆ ನಾವು ಮಠದಲ್ಲಿ ಹಲವು ವ್ಯಾಖ್ಯಾನಗಳನ್ನು ಓದಿದ್ದೇವೆ. ಇದಕ್ಕಿಂತ ಸರಳವಾದುದನ್ನು ಕೇಳಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. 2016ರ ಆಷಾಢದ ಒಂದು ರಾತ್ರಿ ಆ ಮನೆಯ ಯಜಮಾನರಿಗೆ ಎದೆನೋವು ಬಂದಿತು. ಆ ಹೊತ್ತಿನಲ್ಲಿ ಲಾಂಚ್ ಇರಲಿಲ್ಲ. ಸುರಿಮಳೆಯಲ್ಲಿ ಕಾಡುದಾರಿ ಹಿಡಿದು ಜೀಪು ಹೊರಟಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಲಿಂಗೈಕ್ಯರಾದರು. ನೀರು ಅಡ್ಡವಿರದಿದ್ದರೆ ಉಳಿಯುತ್ತಿದ್ದರೋ ಏನೋ, ಬಲ್ಲವರಾರು? ಆದರೆ ಆ ‘ಏನೋ’ ಎಂಬ ಮಾತು ಆ ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಊರಿನ ಹಲವು ಮನೆಗಳಲ್ಲಿ ಇಂತಹ ಮುಳ್ಳುಗಳಿವೆ. ಹೊರಗಿನಿಂದ ಬಂದು ಎರಡು ದಿನ ಇದ್ದುಹೋಗುವವರು ಹಿನ್ನೀರಿನ ಸೊಬಗನ್ನು ಹೊಗಳುವಾಗ ಇದನ್ನು ನೆನೆಯಬೇಕು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. 2.44 ಕಿ.ಮೀ. ಉದ್ದದ, ಕೇಬಲ್ಲುಗಳ ಆಧಾರದ ಈ ಸೇತುವೆಯನ್ನು ವಾಹನವು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಆ ವರ್ಷದ ದೀಪಾವಳಿಯ ತರುವಾಯ ನಾವು ಹೋದಾಗ ಮನೆಯಲ್ಲಿ ಬದಲಾವಣೆ ಕಂಡಿತು. ಸೊಸೆ ಬೆಳಿಗ್ಗೆ ಸಾಗರಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂದಿರುಗಿದಳು. ಹಪ್ಪಳ ಅಂಗಡಿಯ ಪೊಟ್ಟಣದ್ದು. ಅಟ್ಟದ ಮೇಲೆ ಅರ್ಧ ಭರಣಿಗಳು ಬರಿದಾಗಿದ್ದವು. ನೆರೆಯವರ ಚೀಟಿಗಳೂ ಈಗ ಬರುವುದಿಲ್ಲ. ಅವರವರ ಸಾಮಾನು ಅವರವರೇ ತರುತ್ತಾರೆ.

ನಾವು ಇದನ್ನು ಕುರಿತು ತುಸು ವಿಷಾದದಿಂದ ಮಾತನಾಡಿದಾಗ ಆ ತಾಯಿ ನಮ್ಮನ್ನು ತಡೆದರು. “ಭರಣಿ ಬೇಕಾದ್ರೆ ಮತ್ತೆ ತುಂಬಬೋದು ಅಯ್ಯನೋರೆ. ಸೇತುವೆ ಹತ್ತು ವರ್ಷ ಮೊದ್ಲು ಬರಬೇಕಿತ್ತು” ಎಂದಷ್ಟೇ ಹೇಳಿ ಒಲೆಯ ಕಡೆಗೆ ತಿರುಗಿದರು. ಅದಕ್ಕೆ ಎದುರಾಡುವ ಪಾಂಡಿತ್ಯ ನಮ್ಮಲ್ಲಿರಲಿಲ್ಲ, ಇರಲೂಬಾರದು.

ಆದರೂ ಆ ಮಾತಿನ ಮೊದಲ ಅರ್ಧವನ್ನು ನಮ್ಮ ಮನೆಗಳ ತಾಯಂದಿರೂ ತರುಣರೂ ಗಮನಿಸಬೇಕೆಂದು ನಮ್ಮ ಅರಿಕೆ. ದಾರಿ ಕಷ್ಟವಿದ್ದಾಗ ಹಂಚಿಕೊಳ್ಳುವುದು ಅನಿವಾರ್ಯ. ಸುಲಭವಾದಾಗಲೂ ಹಂಚಿಕೊಳ್ಳುವುದು ಸಂಸ್ಕಾರ. ಭರಣಿ ತಾನಾಗಿ ತುಂಬುವುದಿಲ್ಲ. ತುಂಬುವುದನ್ನು ಬಲ್ಲ ಕೈಗಳು ಮನೆಯಲ್ಲಿರುವಾಗಲೇ ಕಿರಿಯರು ಬಳಿ ಕುಳಿತು ಕಲಿಯಬೇಕು. ಪೇಟೆಗೆ ಹೊರಡುವ ಮುನ್ನ ನೆರೆಯ ಬಾಗಿಲಲ್ಲಿ ನಿಂತು “ನಿಮಗೇನಾದರೂ ಬೇಕೆ?” ಎಂದು ಕೇಳಲು ಯಾವ ಸೇತುವೆಯೂ ಅಡ್ಡ ಬರುವುದಿಲ್ಲ. ಇನ್ನು ನಾಲ್ವರಿಗಾಗುವ ಆ ಅನ್ನದ ಮಾತು: ಆ ಮನೆಯಲ್ಲಿ ಅದು ಇಂದಿಗೂ ಬೇಯುತ್ತಿದೆ.