ಚಂದಾಕ್ಕೆ ಆಷಾಢವಿಲ್ಲ

ಮದುವೆ ವಿಡಿಯೋದವರ ಜೊತೆ ಮಾತಿಗೆ ಕೂತರೆ ಈಗ ಕ್ಯಾಮೆರಾ ಸುದ್ದಿಗಿಂತ ಕಂತು, ಬಾಡಿಗೆ, ಚಂದಾದ ಸುದ್ದಿಯೇ ಜಾಸ್ತಿ. ಪ್ರೀಮಿಯರ್ ಪ್ರೊದಂಥ ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿಗಳನ್ನು ಇನ್ನು ಒಂದೇ ಸಲ ಕೊಂಡುಕೊಳ್ಳುವಂತಿಲ್ಲ, ಚಂದಾ ಕಟ್ಟಿಯೇ ಬಳಸಬೇಕು ಅಂತ ಅಡೋಬಿ ಹೇಳಿದ್ದು 2013ರಲ್ಲಿ. ಆಷಾಢ ಬಂತೆಂದರೆ ಮದುವೆ ಬಂದ್, ವರಮಾನವೂ ಬಂದ್. ಚಂದಾ ಮಾತ್ರ ತಿಂಗಳು ತಿಂಗಳೂ ಕಟ್ಟಲೇಬೇಕು.

ಇನ್ನೊಂದು ಕಡೆ ಕಥೆ ಉಲ್ಟಾ. ಸಿನಿಮಾಕ್ಕೆ ಬಣ್ಣ ತಿದ್ದುವ ಡಾವಿಂಚಿ ಯಂತ್ರವನ್ನು ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳು ಮಾತ್ರ ಇಟ್ಟುಕೊಳ್ಳಬಹುದಿತ್ತು, ಬೆಲೆ ಲಕ್ಷಗಟ್ಟಲೆ ಡಾಲರ್. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಅದನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನೇ ಕೊಂಡಿತು. ಎರಡೇ ವರ್ಷದಲ್ಲಿ ಅದರ ಸಾಫ್ಟ್‌ವೇರಿನ ಉಚಿತ ಆವೃತ್ತಿಯೂ ಬಂತು. ಧರ್ಮಕ್ಕೇನೂ ಅಲ್ಲ ಬಿಡಿ, ಅವರು ಕ್ಯಾಮೆರಾ, ಕಂಟ್ರೋಲ್ ಪ್ಯಾನೆಲ್ ಎಲ್ಲ ಮಾರುತ್ತಾರೆ.

ಸಾಧನ ಅಗ್ಗವಾದದ್ದು ಒಳ್ಳೆಯದೇ. ಕಷ್ಟ ಏನೆಂದರೆ, ಗಿರಾಕಿ ಕೆಲಸಗಾರನ ದರವೂ ಇಳಿಯಲಿ ಅಂತಾನೆ: "ಫೋನಲ್ಲೇ 4ಕೆ ಬರುತ್ತಲ್ಲ ಸಾರ್, ನಿಮಗ್ಯಾಕೆ ಇಷ್ಟು?" ಮಾಂಗಲ್ಯಧಾರಣೆ ಹೊತ್ತಿಗೆ ಗಟ್ಟಿಮೇಳ ಜೋರಾಗಿ ಆಡಿಯೋ ಒಡೆದು ಹೋಗುತ್ತೆ ಅಂತ ಮೊದಲೇ ಗೊತ್ತಿದ್ದು ಮೈಕಿನ ಲೆವೆಲ್ ಇಳಿಸಿಡೋನ ಅನುಭವಕ್ಕೆ ಬಿಲ್ಲಿನಲ್ಲಿ ಜಾಗವೇ ಇಲ್ಲ.

ಈಗ ಹೊಸದು ರೀಲ್ಸ್. ಮುಹೂರ್ತ ಮುಗಿದು ಎಲೆ ಹಾಕೋಷ್ಟರಲ್ಲಿ ಇನ್‌ಸ್ಟಾಗ್ರಾಮಿಗೆ ಹೋಗಬೇಕು, ಅದೂ ಫೋನು ನೆಟ್ಟಗೆ ಹಿಡಿದು ನೋಡೋ ಅಳತೆಯಲ್ಲಿ. ಅದಕ್ಕಂತಲೇ ಇನ್ನೊಬ್ಬ ಹುಡುಗನನ್ನು ಕರೆದೊಯ್ಯಬೇಕು. ಅವನ ಕೂಲಿ? ಹಳೇ ಪ್ಯಾಕೇಜಿನೊಳಗೇ.