ಬಿಸ್ಕಿಟ್‌ನ ತಿಂಡಿ ಮತ್ತು ಅಪ್ಪನ ಮುದ್ದೆ

ನಾನು ಹುಟ್ಟಿ ಬೆಳೆದ ಚನ್ನರಾಯಪಟ್ಟಣದ ಕಡೆ ಕುದುರೆ ಅಂದರೆ ಮದುವೆ ಮೆರವಣಿಗೆಗೆ ಬರುವ ಪ್ರಾಣಿ. ದನ, ಎಮ್ಮೆ, ಕುರಿ ಗೊತ್ತು. ಕುದುರೆಗೆ ಹುರುಳಿ ಹಾಕ್ತಾರೆ ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅಂಥವನು ಕುದುರೆಯ ಮೇವಿನ ಬಗ್ಗೆ ಬರೆಯೋಕೆ ಕೂತಿದ್ದೀನಿ ಅಂದರೆ ಅದಕ್ಕೊಂದು ಕಾರಣ ಇದೆ. ಕಾರಣ ಹೇಳೋಕೆ ನಾಚಿಕೆಯೂ ಇದೆ.

ಈಗ ನಾನಿರೋದು ಅಮೆರಿಕದ ವರ್ಜೀನಿಯಾದಲ್ಲಿ, ಲೌಡನ್ ಕೌಂಟಿ ಅನ್ನೋ ಕಡೆ. ಪೂರ್ವಕ್ಕೆ ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರುಗಳ ಸಾಲು, ನಮ್ಮಂಥವರ ಆಫೀಸುಗಳು, ದೋಸೆ ಹೋಟೆಲುಗಳು. ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಬೇಲಿ, ಹುಲ್ಲುಗಾವಲು, ಕುದುರೆ. ಬಾಡಿಗೆ ಕಡಿಮೆ ಅಂತ ನಾನು ಆ ಕಡೆ ಒಬ್ಬ ಅಜ್ಜಿಯ ಮನೆಯ ನೆಲಮಾಳಿಗೆಯಲ್ಲಿದ್ದೀನಿ. ಅಜ್ಜಿಗೆ ಇರೋದು ಒಂದೇ ಒಂದು ಕುದುರೆ. ಕುದುರೆ ಅನ್ನೋದಕ್ಕಿಂತ ಪೋನಿ, ಕುಳ್ಳಗೆ, ದಪ್ಪಗೆ, 250 ಕಿಲೋ ತೂಕ. ಹೆಸರು ಬಿಸ್ಕಿಟ್. ಕತ್ತಿನ ಮೇಲೆ ಜೂಲಿನ ಉದ್ದಕ್ಕೂ ದಿಂಬಿನ ಥರ ಕೊಬ್ಬು. ಮೊದಲ ಸಲ ನೋಡಿದಾಗ 'ಎಷ್ಟು ಚೆನ್ನಾಗಿ ಸಾಕಿದ್ದಾರೆ' ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಕೊಬ್ಬೇ ಕಾಯಿಲೆಯ ಗುರುತು ಅಂತ.

ಕಳೆದ ಏಪ್ರಿಲ್‌ನಲ್ಲಿ ಮಗಳ ಹೆರಿಗೆಗೆ ಅಂತ ಅಜ್ಜಿ ಆರೆಗಾನ್‌ಗೆ ಹೊರಟರು. ಹದಿನೈದು ದಿನ ಬಿಸ್ಕಿಟ್‌ನ ನೋಡ್ಕೋ ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದರು. ಒಣಹುಲ್ಲು ತೂಕ ಮಾಡಿಯೇ ಹಾಕಬೇಕು. ಹಾಕುವ ಮುಂಚೆ ಒಂದು ಗಂಟೆ ನೀರಲ್ಲಿ ನೆನೆಸಿ, ನೀರು ಚೆಲ್ಲಬೇಕು. ಬೆಳಿಗ್ಗೆ ಸಂಜೆ ವಿಟಮಿನ್, ಖನಿಜ ಇರುವ ಗುಳಿಗೆ ಮೇವು, ಒಂದು ಕಪ್ ಮಾತ್ರ. ಹುಲ್ಲಿಲ್ಲದ ಮಣ್ಣಿನ ಅಂಗಳದಲ್ಲೇ ಇರಬೇಕು. ಸೇಬು ಬೇಡ, ಸಕ್ಕರೆ ಬೇಡ. ಕೊನೆಯಲ್ಲಿ ಡಾಕ್ಟರ ನಂಬರು.

ನನಗೆ ಸ್ವಲ್ಪ ಅತಿಯಾಯಿತು ಅನ್ನಿಸಿತು. ಹುಲ್ಲು ತೊಳೆದು ಹಾಕೋದಾ? :-)

ಐದನೇ ರಾತ್ರಿ ರಕೂನ್ ಒಂದು ಬಂದು ಮೇವಿನ ಡಬ್ಬ ಉರುಳಿಸಿ, ತಿಂದಷ್ಟು ತಿಂದು ಉಳಿದದ್ದನ್ನು ಕೆಸರಿಗೆ ಚೆಲ್ಲಿ ಹೋಯಿತು. ಅಲ್ಲಿ ಮಗಳಿಗೆ ಹೆರಿಗೆ ನೋವು, ಇದಕ್ಕೆಲ್ಲ ಅಜ್ಜಿಗೆ ಫೋನ್ ಮಾಡೋದು ಬೇಡ ಅಂತ ನಾನೇ ಅಂಗಡಿಗೆ ಹೋದೆ. ಚೀಲಗಳ ಗೋಡೆ! ಒಂದರ ಮೇಲೆ ದೊಡ್ಡದಾಗಿ 'ಲೋ ಸ್ಟಾರ್ಚ್' ಅಂತ ಬರೆದಿತ್ತು. ಪಿಷ್ಟ ಕಡಿಮೆ. ಸರಿಯಾದದ್ದೇ ಸಿಕ್ಕಿತು ಅಂತ ತಂದೆ. ಚೀಲದ ಮೇಲೆ ತೂಕಕ್ಕೆ ತಕ್ಕ ಹಾಗೆ ಎಷ್ಟು ಹಾಕಬೇಕು ಅನ್ನೋ ಪಟ್ಟಿ ಇತ್ತು. ಅದನ್ನು ನೋಡಿ ಹೊತ್ತಿಗೆ ಒಂದು ಕಿಲೋ ಹಾಕಿದೆ. ಬಿಸ್ಕಿಟ್ ಬಕೆಟ್ ನೆಕ್ಕಿ ನೆಕ್ಕಿ ಖಾಲಿ ಮಾಡಿ ನನ್ನ ಕೈ ಮೂಸಿತು. ಪಾಪ, ಇಷ್ಟು ದಿನ ಒಂದು ಕಪ್‌ನಲ್ಲಿ ಬದುಕಿತ್ತಲ್ಲ ಅನ್ನಿಸಿತು.

ನಾಲ್ಕನೇ ದಿನ ಸಂಜೆ ಆಫೀಸಿಂದ ಬಂದಾಗ ಬಿಸ್ಕಿಟ್ ವಿಚಿತ್ರವಾಗಿ ನಿಂತಿತ್ತು. ಮುಂಗಾಲು ಎರಡೂ ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂಗಾಲಿನ ಮೇಲೆ ಹಾಕಿಕೊಂಡು. ಕರೆದರೆ ಬರಲಿಲ್ಲ. ಬಕೆಟ್ ಅಲ್ಲಾಡಿಸಿದರೂ ಬರಲಿಲ್ಲ. ಗೊರಸು ಮುಟ್ಟಿದರೆ ಬಿಸಿ. ನನ್ನ ಕೈಕಾಲು ತಣ್ಣಗಾಯಿತು.

ಡಾಕ್ಟರು ರಾತ್ರಿ ಒಂಬತ್ತಕ್ಕೆ ಬಂದರು. ಗೊರಸಿಗೆ ಐಸ್, ನೋವಿನ ಔಷಧಿ, ಕಾಲಡಿಗೆ ಮೆತ್ತಗೆ ಮರದ ಹೊಟ್ಟು. ಹೊಸ ಮೇವು ಪೂರ್ತಿ ಬಂದ್, ನೆನೆಸಿದ ಹುಲ್ಲು ಮಾತ್ರ. ಗೊರಸಿನ ಗೋಡೆಯನ್ನೂ ಒಳಗಿನ ಎಲುಬನ್ನೂ ಹಿಡಿದಿಡುವ ತೆಳು ಪದರಗಳಿರುತ್ತವೆ, ಅವು ಊದಿಕೊಂಡಿವೆ ಅಂದರು. ಆ ಹಿಡಿತ ಬಿಟ್ಟರೆ ಎಲುಬೇ ಒಳಗೆ ತಿರುಗುತ್ತದಂತೆ. ಆಮೇಲೆ ಎಷ್ಟೋ ಕುದುರೆಗಳಿಗೆ ದಯಾಮರಣವೇ ಗತಿ. ಎಕ್ಸ್‌ರೇ ನೋಡುವವರೆಗೆ ನಾನು ಲಾಯದ ಬಾಗಿಲಲ್ಲೇ ಕೂತಿದ್ದೆ. ಎಲುಬು ತಿರುಗಿರಲಿಲ್ಲ.

ಆ ರಾತ್ರಿ ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ. "ಚೀಲ ತಿರುಗಿಸಿ ಹಿಂದಿನ ಅಂಕಿ ಓದು" ಅಂದರು.

ಓದಿದೆ. ಪಿಷ್ಟ 12%. ಕೆಳಗಿನ ಸಾಲಲ್ಲಿ ಸಕ್ಕರೆ 6%. ಕುದುರೆಯ ಲೆಕ್ಕಕ್ಕೆ ಎರಡನ್ನೂ ಕೂಡಿಸಬೇಕು, 18%. ಬಿಸ್ಕಿಟ್‌ಗೆ ಇರುವಂಥ ಕಾಯಿಲೆಯಲ್ಲಿ ಒಂದು ಹೊತ್ತಿಗೆ ಇವೆರಡೂ ಸೇರಿ ದೇಹತೂಕದ ಪ್ರತಿ ಕಿಲೋಗೆ 0.1 ಗ್ರಾಮ್ ದಾಟಬಾರದು ಅನ್ನೋದು ಇತ್ತೀಚಿನ ಸಂಶೋಧನೆಯ ಸಲಹೆ. 250 ಕಿಲೋಗೆ 25 ಗ್ರಾಮ್. ಅಜ್ಜಿಯ ಹಳೇ ಮೇವು 10%, ಒಂದು ಕಪ್ ಅಂದರೆ 200 ಗ್ರಾಮ್, ಅಂದರೆ 20 ಗ್ರಾಮ್. ನಾನು ಹಾಕಿದ್ದು 180 ಗ್ರಾಮ್! ಏಳು ಪಟ್ಟು. ದಿನಕ್ಕೆ ಎರಡು ಸಲ, ನಾಲ್ಕು ದಿನ. ಇಂಜಿನಿಯರಿಂಗ್ ಓದಿದವನು, ಕೂಡೋದು ಗುಣಿಸೋದು ಮಾಡಲಿಲ್ಲ.

ಚೀಲ ಸುಳ್ಳು ಹೇಳಿರಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ಮೆಕ್ಕೆಜೋಳದಲ್ಲಿ ಸುಮಾರು 70% ಪಿಷ್ಟ, ಓಟ್ಸ್‌ನಲ್ಲಿ 40ರ ಮೇಲೆ. ಅವುಗಳ ಮುಂದೆ 12 ಕಡಿಮೆಯೇ. ಓಡುವ, ದುಡಿಯುವ ಆರೋಗ್ಯವಂತ ಕುದುರೆಗೆ ಅದು ಒಳ್ಳೇ ಮೇವೇ ಇರಬಹುದು. ಆದರೆ 'ಕಡಿಮೆ' ಅಂದರೆ ಯಾವುದಕ್ಕಿಂತ ಕಡಿಮೆ, ಎಷ್ಟು ಹಾಕಿದಾಗ ಕಡಿಮೆ ಅಂತ ಆ ಪದ ಹೇಳಲ್ಲ.

ಆಮೇಲಿನ ದಿನಗಳಲ್ಲಿ ಐಸ್ ಬದಲಿಸುತ್ತಾ ಕೂತು ಓದಿಕೊಂಡೆ. ಈ ಕುದುರೆಗಳಿಗೆ ನಮ್ಮವರ ಸಕ್ಕರೆ ಕಾಯಿಲೆಯ ಥರ ರಕ್ತದಲ್ಲಿ ಸಕ್ಕರೆ ಏರೋದು ಅಪರೂಪ. ಏರೋದು ಇನ್ಸುಲಿನ್. ಸ್ವಲ್ಪ ಪಿಷ್ಟ ತಿಂದರೂ ಮೈ ಸಿಕ್ಕಾಪಟ್ಟೆ ಇನ್ಸುಲಿನ್ ಸುರಿಸುತ್ತದೆ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತ ಪೋನಿಗಳ ರಕ್ತದ ಸಕ್ಕರೆಯನ್ನು ಸಹಜ ಮಟ್ಟದಲ್ಲಿಟ್ಟು ಇನ್ಸುಲಿನ್ ಮಾತ್ರ ಏರಿಸಿದರು. ಅಷ್ಟಕ್ಕೇ ಅವುಗಳ ಗೊರಸು ಕೆಟ್ಟಿತು.

ಹುಲ್ಲು ತೊಳೆಯೋದು ಯಾಕೆ ಅಂತಲೂ ಅರ್ಥವಾಯಿತು. ಬಿಸ್ಕಿಟ್‌ಗೆ ದಿನಕ್ಕೆ ತೂಕದ 1.5% ಲೆಕ್ಕದಲ್ಲಿ ಸುಮಾರು ಮೂರೂಮುಕ್ಕಾಲು ಕಿಲೋ ಒಣಹುಲ್ಲು. ಅದರಲ್ಲಿ 15% ಸಕ್ಕರೆ, ಪಿಷ್ಟ ಇದ್ದರೆ ದಿನಕ್ಕೆ 560 ಗ್ರಾಮ್! ಹೊತ್ತುಹೊತ್ತಿಗೆ ನಿಧಾನವಾಗಿ ತಿನ್ನುವುದರಿಂದ ಒಂದೇ ಸಲ ಏಟು ಬೀಳಲ್ಲ, ಆದರೂ 10%ರ ಒಳಗಿದ್ದರೆ ಒಳ್ಳೇದು. ನೋಡಿದರೆ ಹುಲ್ಲಿನ ಸಕ್ಕರೆ ಗೊತ್ತಾಗಲ್ಲ, ಅದಕ್ಕೇ ಅಜ್ಜಿ ಪ್ರತಿ ಲೋಡಿನ ಮಾದರಿಯನ್ನೂ ನ್ಯೂಯಾರ್ಕ್ ರಾಜ್ಯದ ಇಥಾಕಾದ ಲ್ಯಾಬಿಗೆ ಕಳಿಸುತ್ತಾರೆ. ನೆನೆಸಿದರೆ ಸಕ್ಕರೆ ಒಂದಷ್ಟು ನೀರಿಗೆ ಹೋಗುತ್ತದೆ, ಪಿಷ್ಟ ಅಷ್ಟಾಗಿ ಹೋಗಲ್ಲ. ಖನಿಜವೂ ಹೋಗುತ್ತದೆ, ಅದಕ್ಕೇ ಆ ಒಂದು ಕಪ್ ಗುಳಿಗೆ. ಹಾಗಂತ ಹಸಿವಿಗೆ ಕೆಡಹುವ ಹಾಗೂ ಇಲ್ಲ. ಪೋನಿಗಳನ್ನು ಉಪವಾಸ ಹಾಕಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಜೀವಕ್ಕೇ ಅಪಾಯ. ಚೀಟಿಯ ಒಂದೊಂದು ಸಾಲಿಗೂ ಕಾರಣ ಇತ್ತು.

ಅಜ್ಜಿ ವಾಪಸ್ ಬಂದು ಮೊದಲು ಲಾಯಕ್ಕೇ ಹೋದರು. ನಾನು ಸಾರಿ ಅಂದೆ. "ಮೊದಲನೇ ಸಲ ಇವಳ ಕಾಲು ಕೆಡಿಸಿದ್ದು ನಾನೇ" ಅಂದರು. ಚಳಿಗಾಲದ ರಾತ್ರಿ ಬಿಸಿನೀರಲ್ಲಿ ಗೋಧಿ ಬೂಸಾ ಕಲಸಿ ಕೊಡ್ತಿದ್ದರಂತೆ, ಹೊಟ್ಟೆಗೆ ಹಗುರ ಅಂತ. ಬೂಸಾದಲ್ಲೂ ಐದರಲ್ಲೊಂದು ಪಾಲಿನಷ್ಟು ಪಿಷ್ಟ ಇರುತ್ತೆ ಅಂತ ಅವರಿಗೂ ಆಗ ಗೊತ್ತಿರಲಿಲ್ಲ.

ಈಗ ಬಿಸ್ಕಿಟ್ ಆರಾಮ. ಮುಂಜಾನೆ ಹುಲ್ಲಿನಲ್ಲಿ ಸಕ್ಕರೆ ಕಡಿಮೆ ಇರುವ ಹೊತ್ತಿಗೆ, ರಾತ್ರಿ ಇಬ್ಬನಿ ಹೆಪ್ಪುಗಟ್ಟಿಲ್ಲದಿದ್ದರೆ ಮಾತ್ರ, ಅರ್ಧ ಗಂಟೆ ಹೊರಗೆ ಬಿಡ್ತಾರೆ. ಅದೂ ನಮ್ಮೂರಲ್ಲಿ ಕಣದ ಎತ್ತಿಗೆ ಹಾಕುವಂಥದ್ದೇ ಬಾಯಿಕುಕ್ಕೆ ಹಾಕಿ. ಸಂಜೆ ಮೇವು ತೂಗಿ ಹಾಕುವ ಕೆಲಸ ನನ್ನದು. ಅಜ್ಜಿಯೇ ವಹಿಸಿದ್ದು.

ಇನ್ನೊಂದು ಹೇಳಬೇಕು. ಅಪ್ಪನಿಗೆ ಶುಗರ್ ಬಂದು ಆರು ವರ್ಷ. ಹೋದ ವರ್ಷ ಕಾಲಿನ ಗಾಯ ಒಣಗೋಕೆ ಮೂರು ತಿಂಗಳು ಹಿಡಿಯಿತು. "ಅನ್ನ ಬಿಡಿ, ಮುದ್ದೆ ತಿನ್ನಿ" ಅಂತ ಇಲ್ಲಿಂದ ಫೋನಲ್ಲಿ ಹೇಳಿ ಹೇಳಿ ಬಿಡಿಸಿದ್ದು ನಾನೇ. ಬಿಸ್ಕಿಟ್ ಚೇತರಿಸಿಕೊಂಡ ವಾರ ಫೋನ್ ಮಾಡಿದಾಗ ಮೊದಲ ಸಲ ಕೇಳಿದೆ, "ಅಪ್ಪಾ, ಹೊತ್ತಿಗೆ ಎಷ್ಟು ಮುದ್ದೆ ಉಣ್ತೀರಿ?"

"ಎರಡೇ ಕಣೋ. ಮುದ್ದೇಲಿ ಸಕ್ಕರೆ ಎಲ್ಲಿರುತ್ತೆ?"

ಎರಡು! ನಮ್ಮನೆ ಮುದ್ದೆಯ ಸೈಜು ನನಗೆ ಗೊತ್ತು. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಅನ್ನಕ್ಕಿಂತ ಒಳ್ಳೇದು ಅಂತ ಚೀಲದ ಮುಂಭಾಗ ಓದಿ ಹೇಳಿದ್ದೆ ಅಷ್ಟೆ, ಎಷ್ಟು ಅಂತ ಹೇಳಿರಲೇ ಇಲ್ಲ. ಕುದುರೆ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಂಗೂ ಬಾಯಿಕುಕ್ಕೆ ಹಾಕ್ತೀಯೇನೋ?" ಅಂದರು. ಅಮ್ಮ ಹಿಂದಿನಿಂದ ನಗುವುದು ಕೇಳಿಸಿತು.

ಮಾರನೇ ದಿನ ಅಮ್ಮ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ದರು. ತೂಕದ ಮೆಷಿನ್ ಮೇಲೆ ಒಂದು ಪುಟ್ಟ ಮುದ್ದೆ, ಪಕ್ಕದಲ್ಲಿ ಬಟ್ಟಲು ತುಂಬ ಸೊಪ್ಪಿನ ಸಾರು.