ಗುಂಡಿ ಹಳೆಯದು, ಗಿಡ ಹೊಸದು

ಪ್ರತಿ ವರ್ಷ ಜೂನ್ 5 ಬಂತೆಂದರೆ ತುಮಕೂರಿನ ನಮ್ಮ ಬಡಾವಣೆಯ ಗೆಳೆಯರ ಬಳಗಕ್ಕೆ ಬಿಡುವಿಲ್ಲ. ನರ್ಸರಿಯಿಂದ ಹೊಂಗೆ, ಬೇವಿನ ಸಸಿಗಳನ್ನು ತರುತ್ತೇವೆ. ಬ್ಯಾನರ್ ಕಟ್ಟುತ್ತೇವೆ. ಗಣ್ಯರೊಬ್ಬರು ಬಂದು ಸಸಿಗೆ ಒಂದು ಚೊಂಬು ನೀರೆರೆಯುತ್ತಾರೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ಫೋಟೋ. ಹೀಗೆ ಆರು ವರ್ಷ ನಡೆಯಿತು. ಆರನೆಯ ವರ್ಷ ಗುದ್ದಲಿ ಹಿಡಿದು ಹೊರಟಾಗ ಪಕ್ಕದ ಮನೆಯ ಹುಡುಗ, "ಅಂಕಲ್, ಹೊಸ ಗುಂಡಿ ಯಾಕೆ? ಹೋದ ವರ್ಷದ್ದು ಹಾಗೇ ಇದೆಯಲ್ಲ!" ಎಂದ.

ನಾವೆಲ್ಲ ನಕ್ಕೆವು. ಆದರೆ ಸಂಜೆ ಕುಳಿತು ಲೆಕ್ಕ ಹಾಕಿದಾಗ ನಗು ಉಳಿಯಲಿಲ್ಲ. ನೆಟ್ಟ ಸಸಿಗಳು ಸುಮಾರು ಮುನ್ನೂರು. ಬದುಕಿದ್ದವು ಹನ್ನೊಂದು. ಆ ಹನ್ನೊಂದೂ ಟೀ ಅಂಗಡಿ, ಗ್ಯಾರೇಜುಗಳ ಮುಂದಿದ್ದವು. ಅಂದರೆ ಪಕ್ಕದಲ್ಲಿ ಅವುಗಳ ನೆರಳು ಬೇಕಾದವರು ಇದ್ದರು!

ಸಸಿಯ ಮೇಲಿನ ಭರವಸೆ ಕುಗ್ಗಿದಾಗ ನಮ್ಮ ಕಣ್ಣು ಸೂರ್ಯನ ಕಡೆ ಹೊರಳಿತು. ಹವಾಮಾನ ಬದಲಾವಣೆಗೆ ನಿಜವಾದ ಉತ್ತರ ನಮ್ಮದೇ ಜಿಲ್ಲೆಯ ಪಾವಗಡದಲ್ಲಿದೆ ಎಂದುಕೊಂಡು ಒಂದು ಭಾನುವಾರ ವ್ಯಾನ್ ಮಾಡಿಕೊಂಡು ಹೊರಟೆವು.

ಪಾವಗಡ ಬರಕ್ಕೆ ಹೆಸರಾದ ತಾಲೂಕು. ಅಲ್ಲಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿದೆ. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟ್ ಸಾಮರ್ಥ್ಯ ಮುಟ್ಟಿತು. ಸರಕಾರ ಇಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡ ರೈತನಿಗೆ ಇದು ಸಣ್ಣ ಮಾತಲ್ಲ. ನೀಲಿ ಫಲಕಗಳ ಆ ಸಮುದ್ರವನ್ನು ಕಂಡು ನಾವು ಬೆರಗಾದೆವು. ಫೋಟೋಗಳನ್ನೂ ತೆಗೆದೆವು.

ಬೇಲಿಯ ಪಕ್ಕದ ದಾರಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಐದಾರು ಕುರಿ ಹೊಡೆದುಕೊಂಡು ಬರುತ್ತಿದ್ದರು. "ಅಮ್ಮಾ, ಪಾರ್ಕ್ ಬಂದ ಮೇಲೆ ಊರು ಸುಧಾರಿಸಿರಬೇಕಲ್ಲ?" ಎಂದು ನಮ್ಮಲ್ಲೊಬ್ಬರು ಉತ್ಸಾಹದಿಂದ ಕೇಳಿದರು. ಆಕೆ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಹೊಲ ಇದ್ದೋರಿಗೆ ವರ್ಷ ವರ್ಷ ದುಡ್ಡು ಬರ್ತದೆ ಸ್ವಾಮಿ. ನಮ್ದು ಕೂಲಿ. ಹೊಲಾನೇ ಇಲ್ಲ ಅಂದ್ಮೇಲೆ ಕಳೆ ಕೀಳೋಕೆ ಯಾರು ಕರೀತಾರೆ? ಮೊದ್ಲು ನಲವತ್ತು ಕುರಿ ಇತ್ತು. ಮೇಸೋಕೆ ಜಾಗ ಇಲ್ಲ, ಮಾರಿದ್ವಿ."

ಬೇಲಿಯ ಒಳಗೆ ಫಲಕಗಳ ಕೆಳಗೆ ಹುಲ್ಲು ಬೆಳೆದಿತ್ತು. ಹೊರಗೆ ಕುರಿಗಳು ನಿಂತಿದ್ದವು. ನಾವು ಏನೂ ಹೇಳಲಾಗದೆ ವ್ಯಾನ್ ಹತ್ತಿದೆವು.

ನಮ್ಮ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಸೌರಶಕ್ತಿ ಬೇಡವೆಂದು ನಾವು ಹೇಳುತ್ತಿಲ್ಲ. ಕಲ್ಲಿದ್ದಲಿನ ಹೊಗೆ, ಬೂದಿಯನ್ನು ಉಸಿರಾಡುವವರೂ ಬಡವರೇ. ಬರ ಹೆಚ್ಚಿದರೆ ಮೊದಲು ಗುಳೆ ಹೋಗುವುದೂ ಇಂಥ ತಾಯಂದಿರೇ. ಆದರೆ ನಮ್ಮ ಪರಿಸರ ಕಾಳಜಿ ಎಣಿಸಲು ಮಾತ್ರ ಕಲಿತಿದೆ. ಎಷ್ಟು ಸಸಿ? ಎಷ್ಟು ಮೆಗಾವ್ಯಾಟ್? ಎಷ್ಟು ಟನ್ ಇಂಗಾಲ ಉಳಿಯಿತು? ಈ ನೆಲದಲ್ಲಿ ಮೊದಲು ಯಾರ ಅನ್ನವಿತ್ತು ಎಂಬ ಪ್ರಶ್ನೆಗೆ ಆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಈ ಪಾಠವನ್ನು ಕನ್ನಡ ನಾಡು ಹಿಂದೆಯೇ ಕಲಿಸಿತ್ತು. 1980ರ ದಶಕದಲ್ಲಿ ಕಾಗದ, ನಾರು ಉದ್ಯಮಕ್ಕೆ ಬೇಕಾದ ಮರಕ್ಕಾಗಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ನೆಡಲಾಯಿತು. ಕಾಗದದ ಮೇಲೆ ಅದೂ ಹಸಿರೇ! 1987ರ ನವೆಂಬರ್‌ನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು, ಮೇವು-ಹಣ್ಣು ಕೊಡುವ ಗಿಡಗಳನ್ನು ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ಗಿಡ ಕೀಳುವುದೂ ಪರಿಸರ ಹೋರಾಟವಾಗಬಲ್ಲದು ಎಂಬುದು ಜೂನ್ 5ರ ಭಾಷಣಗಳಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ಅಮೆರಿಕದಲ್ಲಿ ತಲಾ ಒಬ್ಬರು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಾರಣರಾದರೆ ಭಾರತದಲ್ಲಿ ಅದು ಸುಮಾರು 2 ಟನ್. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಪ್ರಮಾಣದ್ದಲ್ಲ ಎಂಬ ತತ್ವವನ್ನು 1992ರಲ್ಲೇ ರಿಯೋ ಸಮ್ಮೇಳನ ಒಪ್ಪಿತ್ತು. ನಾವು ಭಾರತೀಯರು ಜಗತ್ತಿನ ವೇದಿಕೆಯಲ್ಲಿ ಇದನ್ನು ಗಟ್ಟಿಯಾಗಿ ಕೇಳುತ್ತೇವೆ. ಮನೆಯೊಳಗೆ ಮಾತ್ರ ಮರೆಯುತ್ತೇವೆ. ಎ.ಸಿ. ನಮ್ಮದು, ವ್ಯಾನ್ ನಮ್ಮದು, ಕುರಿ ಮಾರಿದ್ದು ಆಕೆ!

ದಾರಿ ಇಲ್ಲವೆಂದಲ್ಲ. ಬೇರೆ ದೇಶಗಳಲ್ಲಿ ಸೋಲಾರ್ ಫಲಕಗಳ ಕೆಳಗೆ ಕುರಿಗಳು ಮೇಯುತ್ತವೆ. ಭೂಮಿ ಇದ್ದವರಿಗೆ ಗುತ್ತಿಗೆ ಹಣ ಸಿಗುವಂತೆ, ಅದೇ ಭೂಮಿಯಲ್ಲಿ ದುಡಿದವರಿಗೂ ಒಂದು ಪಾಲು ಸಿಗುವಂತೆ ನಿಯಮ ಬರೆಯಬಹುದು. ನಗರದ ತಾರಸಿಗಳು ಇನ್ನೂ ಖಾಲಿ ಬಿದ್ದಿವೆ. ಇದಕ್ಕೆಲ್ಲ ವಿಜ್ಞಾನಿಗಳು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಯೋಜನೆಯ ಸಭೆಯಲ್ಲಿ ಆ ತಾಯಿಗೂ ಒಂದು ಕುರ್ಚಿ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಈ ವರ್ಷ ಜೂನ್ 5ಕ್ಕೆ ನಾವು ಬ್ಯಾನರ್ ಕಟ್ಟಲಿಲ್ಲ. ಹನ್ನೊಂದು ಮರಗಳ ಬುಡಕ್ಕೆ ಮಣ್ಣು ಏರಿಸಿದೆವು. ಹಳೆಯ ಗುಂಡಿಗಳ ಎದುರಿನ ಮನೆ, ಅಂಗಡಿಯವರನ್ನು, "ಇಲ್ಲಿ ನಿಮಗೆ ಯಾವ ಗಿಡ ಬೇಕು?" ಎಂದು ಕೇಳಿದೆವು. ಆರು ವರ್ಷಗಳಲ್ಲಿ ಅದೇ ಮೊದಲ ಸಲ ಕೇಳಿದ್ದು. ಹೂ ಮಾರುವ ಅಜ್ಜಿ, "ನುಗ್ಗೆ ಹಾಕಪ್ಪಾ, ಸಾರಿಗಾದರೂ ಆಗ್ತದೆ" ಎಂದರು. ಹಾಕಿದ್ದೇವೆ. ನೀರನ್ನು ಅವರೇ ಹಾಕುತ್ತಿದ್ದಾರೆ.